ಡ್ಯಾಕ್ ಹಾಕಿದರೆ ಹಾಡು ಚೆನ್ನಾಗುತ್ತದೆಯೇ? ಕಣ್ಣು ಮುಚ್ಚಿ ಕೇಳಿ ನೋಡಿ

ಫೋನಿಗೂ ಇಯರ್‌ಫೋನಿಗೂ ನಡುವೆ ಸಿಕ್ಕಿಸುವ ಡ್ಯಾಕ್ ಎಂಬ ಪುಟ್ಟ ಧ್ವನಿ ಸಾಧನವನ್ನು ಹೊಸದಾಗಿ ಕೊಂಡವರ ಪರೀಕ್ಷೆ ಹೆಚ್ಚೆಂದರೆ ಒಂದು ನಿಮಿಷದ್ದು. ಇಯರ್‌ಫೋನನ್ನು ಫೋನಿನ ಜ್ಯಾಕಿಗೆ ಸಿಕ್ಕಿಸಿ ಹಾಡಿನ ಒಂದು ಸಾಲು ಕೇಳುತ್ತಾರೆ. ಕಿತ್ತು, ಹೆಬ್ಬೆರಳಿನಷ್ಟಿರುವ ಆ ಸಾಧನಕ್ಕೆ ಸಿಕ್ಕಿಸಿ ಅದೇ ಸಾಲನ್ನು ಇನ್ನೊಮ್ಮೆ ಕೇಳುತ್ತಾರೆ. ಹುಬ್ಬು ಮೇಲೇರುತ್ತದೆ. 'ಆಹಾ, ಪರದೆ ಸರಿದ ಹಾಗಾಯಿತು!' ನಾನು ಬಾಯಿ ಬಿಡದೆ ವಾಲ್ಯೂಮ್ ಕಡೆ ನೋಡುತ್ತೇನೆ. ಬಹುತೇಕ ಸಲ ಡ್ಯಾಕಿನ ಕಡೆಯ ಸದ್ದೇ ಒಂದಿಷ್ಟು ಜೋರಾಗಿರುತ್ತದೆ.

ನಗುವ ಹಕ್ಕು ನನಗೂ ಇಲ್ಲ. ಎರಡು ವಾರ ಕಂಡಕಂಡವರ ಮುಂದೆ ಹೊಗಳಿದ ಡ್ಯಾಕನ್ನು ಕೊನೆಗೊಮ್ಮೆ ಮೀಟರಿಗೆ ಹಿಡಿದಾಗ ಅದು ಫೋನಿಗಿಂತ ಮೂರು ಡೆಸಿಬಲ್ ಜೋರಾಗಿತ್ತು. ಎರಡನ್ನೂ ಸಮ ಮಾಡಿ ಕೇಳಿದ ಮೇಲೆ ಯಾವುದು ಯಾವುದೆಂದು ನನ್ನ ಕಿವಿಗೇ ತಿಳಿಯಲಿಲ್ಲ. ಆ ಮುಜುಗರದಿಂದ ರೂಢಿಸಿಕೊಂಡ ಕ್ರಮವಿದು.

ಮೊದಲು ಆ ಸಾಧನ ಮಾಡುವ ಕೆಲಸವನ್ನು ತಿಳಿಯೋಣ. ಫೋನಿನೊಳಗೆ ಹಾಡು ಎಂದರೆ ಅಂಕಿಗಳ ಸಾಲು. ಅದನ್ನು ಏರಿಳಿಯುವ ವಿದ್ಯುತ್ತಾಗಿ ಪರಿವರ್ತಿಸುವುದು ಡ್ಯಾಕ್; ಆ ವಿದ್ಯುತ್ತಿಗೆ ಇಯರ್‌ಫೋನ್ ಅಲುಗಾಡಿಸುವಷ್ಟು ಬಲ ಕೊಡುವುದು ಅದರ ಬೆನ್ನಿಗಿರುವ ಪುಟ್ಟ ಆಂಪ್ಲಿಫೈಯರ್. ಜ್ಯಾಕ್ ಇರುವ ಪ್ರತಿ ಫೋನಿನಲ್ಲೂ ಇವೆರಡೂ ಇವೆ. 2016ರಲ್ಲಿ ಐಫೋನ್ 7 ಜ್ಯಾಕನ್ನು ಕೈಬಿಟ್ಟಾಗ ಡಬ್ಬಿಯಲ್ಲಿ ಬಂದ ಗಿಡ್ಡ ಅಡಾಪ್ಟರಿನ ಒಳಗೂ ಇವೆರಡು ಕುಳಿತಿದ್ದವು. ಹಾಗಾಗಿ ಡ್ಯಾಕ್ ಕೊಳ್ಳುವವರೆಲ್ಲ ಇಲ್ಲದ್ದನ್ನು ತರುತ್ತಿಲ್ಲ, ಇರುವುದರ ಬದಲಿಗೆ ಇನ್ನೊಂದನ್ನು ತರುತ್ತಿದ್ದಾರೆ.

ಹೆಜ್ಜೆ ಒಂದು: ಕೈಯಲ್ಲಿರುವುದು ಡ್ಯಾಕ್ ಹೌದೇ?

ಟೈಪ್-ಸಿ ಅಡಾಪ್ಟರುಗಳಲ್ಲಿ ಎರಡು ಜಾತಿ. ಒಂದರಲ್ಲಿ ಚಿಪ್ ಇರುತ್ತದೆ. ಇನ್ನೊಂದು ಬರೀ ತಂತಿ. ಫೋನಿನದೇ ಡ್ಯಾಕಿನ ಸದ್ದನ್ನು ಹೊರಗೆ ತರುತ್ತದೆ, ಫೋನು ಒಪ್ಪದಿದ್ದರೆ ಮೌನವಾಗಿರುತ್ತದೆ. ಹೊರನೋಟಕ್ಕೆ ಅವಳಿ ಜವಳಿ. ಕಂಪ್ಯೂಟರಿನ ಟೈಪ್-ಸಿ ಕಿಂಡಿಗೆ ಇಯರ್‌ಫೋನ್ ಸಮೇತ ಸಿಕ್ಕಿಸಿ, ಧ್ವನಿ ಸಾಧನಗಳ ಪಟ್ಟಿ ತೆರೆಯಿರಿ. ಹೊಸ ಹೆಸರು ಬಂದರೆ ಒಳಗೆ ಚಿಪ್ ಇದೆ. ಬರದಿದ್ದರೆ ಅದು ತಂತಿ, ಡಬ್ಬಿಯ ಮೇಲೆ ಏನೇ ಬರೆದಿರಲಿ.

ಹೆಜ್ಜೆ ಎರಡು: ರೋಗ ಯಾವುದು?

ಡ್ಯಾಕ್ ವಾಸಿ ಮಾಡಬಲ್ಲ ರೋಗಗಳು ಮೂರೇ. ಮೊದಲನೆಯದು ಬಲ ಸಾಲದಿರುವುದು. 32 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಇಯರ್‌ಫೋನಿಗೆ ಒಂದು ಮಿಲಿವ್ಯಾಟ್ ಕೊಡಲು 0.18 ವೋಲ್ಟ್ ಸಾಕು, ಅಷ್ಟರಲ್ಲೇ ಕಿವಿಗೆ ಹಾಕುವ ಸಾಮಾನ್ಯ ಇಯರ್‌ಫೋನುಗಳು ನೂರು ಡೆಸಿಬಲ್ ಆಸುಪಾಸಿಗೆ ಏರುತ್ತವೆ. ಬಹಳ ಹೊತ್ತು ಕೇಳಿದರೆ ಕಿವಿಗೆ ಹಾನಿಯಾಗುವ ಮಟ್ಟ ಅದು. ಫೋನಿನ ಜ್ಯಾಕುಗಳು ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟ್ ಕೊಡಬಲ್ಲವು. ಎಂದರೆ ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮಿನ ದೊಡ್ಡ ಹೆಡ್‌ಫೋನ್ ಆದರೆ ಲೆಕ್ಕ ಬೇರೆ: ಅದೇ ಒಂದು ಮಿಲಿವ್ಯಾಟಿಗೆ 0.55 ವೋಲ್ಟ್ ಬೇಕು, ಹಾಡಿನ ಅಬ್ಬರದ ಜಾಗಗಳಿಗೆ ಇನ್ನೂ ಹತ್ತು ಡೆಸಿಬಲ್ ಇಟ್ಟುಕೊಂಡರೆ 1.7 ವೋಲ್ಟ್. ಅಲ್ಲಿ ಫೋನು ಸುಸ್ತಾಗುತ್ತದೆ, ಎರಡು ವೋಲ್ಟಿನ ಡ್ಯಾಕ್ ನಿಜಕ್ಕೂ ನೆರವಾಗುತ್ತದೆ.

ಎರಡನೆಯದು ಕೊಳಕು ಸದ್ದು. ಸೂಕ್ಷ್ಮ ಇಯರ್‌ಫೋನ್ ಹಾಕಿದಾಗ ಹಾಡಿನ ಹಿಂದೆ 'ಸ್ಸ್' ಎನ್ನುವುದು, ಲ್ಯಾಪ್‌ಟಾಪಿನಲ್ಲಿ ಮೌಸ್ ಸರಿಸಿದಾಗ 'ಕಿರ್' ಎನ್ನುವುದು. ಇದನ್ನು ಹಾಡು ನಿಲ್ಲಿಸಿ ಪರೀಕ್ಷಿಸಬೇಡಿ. ಹಾಡು ನಿಂತೊಡನೆ ಎಷ್ಟೋ ಸಾಧನಗಳಲ್ಲಿ ಆಂಪ್ಲಿಫೈಯರ್ ಮಲಗಿಬಿಡುತ್ತದೆ, ಎಲ್ಲವೂ ಶುಭ್ರವೆನಿಸುತ್ತದೆ. ಏನೂ ಇಲ್ಲದ ಮೌನದ ಫೈಲನ್ನು ನುಡಿಸಿ ಕೇಳಿ.

ಮೂರನೆಯದನ್ನು ಗುರುತಿಸುವವರು ಕಡಿಮೆ. ಪ್ರತಿ ಆಂಪ್ಲಿಫೈಯರಿಗೂ ತನ್ನದೇ ಒಂದು ಒಳತಡೆ ಇರುತ್ತದೆ. ಅದು ಇಯರ್‌ಫೋನಿನ ಓಮಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ಬಲ್ಲವರು ಪಾಲಿಸುವ ಅಂದಾಜು. ಒಂದೇ ಡೈನಾಮಿಕ್ ಡ್ರೈವರಿನ (ಸದ್ದು ಹುಟ್ಟಿಸುವ ಭಾಗದ) ಇಯರ್‌ಫೋನಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಇನ್ನೊಂದು ಬಗೆಯ ಪುಟ್ಟ ಡ್ರೈವರುಗಳನ್ನು ಹಲವು ತುರುಕಿದ ಇಯರ್‌ಫೋನುಗಳಲ್ಲಿ ಮಾತ್ರ ತಡೆ ಕೆಳದನಿಗೊಂದು, ಮೇಲ್ದನಿಗೊಂದು ಆಗಿರುತ್ತದೆ. ಒಳತಡೆ ಹೆಚ್ಚಿರುವ ಜ್ಯಾಕಿಗೆ ಅವನ್ನು ಸಿಕ್ಕಿಸಿದರೆ ಹಾಡಿನ ಬಣ್ಣವೇ ಬದಲಾಗುತ್ತದೆ. ಇದು ಮೀಟರಿಗೂ ಕಾಣುವ, ಕಿವಿಗೂ ಕೇಳುವ ವ್ಯತ್ಯಾಸ.

ಈ ಮೂರರಲ್ಲಿ ಒಂದೂ ನಿಮಗಿಲ್ಲವೇ? ಹಾಗಾದರೆ ನನ್ನ ತೀರ್ಪು ಕಡ್ಡಿ ಮುರಿದಂತೆ: ಕೊಳ್ಳಬೇಡಿ. ನಂಬಿಕೆ ಬರದಿದ್ದರೆ ಯಾರದಾದರೂ ಡ್ಯಾಕನ್ನು ಎರವಲು ತಂದು ಮುಂದೆ ಓದಿ.

ಹೆಜ್ಜೆ ಮೂರು: ಒಗ್ಗರಣೆ ತೆಗೆಯಿರಿ

ಡಾಲ್ಬಿ, ಈಕ್ವಲೈಸರ್, ಬಾಸ್ ಬೂಸ್ಟ್, ಹಾಡುಗಳ ಸದ್ದನ್ನು ತಾನಾಗಿ ಸರಿಹೊಂದಿಸುವ ಆಯ್ಕೆ, ಎಲ್ಲವನ್ನೂ ಆಫ್ ಮಾಡಿ. ಕೆಲವು ಫೋನುಗಳಲ್ಲಿ ಈ ಒಗ್ಗರಣೆ ಜ್ಯಾಕಿಗೆ ಮಾತ್ರ ಬೀಳುತ್ತದೆ, ಡ್ಯಾಕ್ ಸಿಕ್ಕಿಸುವ ಯುಎಸ್‌ಬಿಗೆ ಬೀಳುವುದಿಲ್ಲ. ಆಗ ನೀವು ಹೋಲಿಸುವುದು ಎರಡು ಅಡುಗೆಯನ್ನು, ಎರಡು ಒಲೆಯನ್ನಲ್ಲ.

ಹೆಜ್ಜೆ ನಾಲ್ಕು: ಸದ್ದನ್ನು ಸಮ ಮಾಡುವುದು

ಎಲ್ಲರೂ ಕೆಡಿಸುವುದು ಇಲ್ಲಿ. ಅರ್ಧ ಡೆಸಿಬಲ್ ಹೆಚ್ಚಿದರೆ ಕಿವಿ ಅದನ್ನು 'ಜೋರು' ಎಂದು ಹೇಳುವುದಿಲ್ಲ, 'ಸ್ಪಷ್ಟ' ಎನ್ನುತ್ತದೆ, 'ತುಂಬಿಕೊಂಡಿದೆ' ಎನ್ನುತ್ತದೆ. ಸದ್ದು ಏರಿದಂತೆ ಕೆಳದನಿಗಳು ಹೆಚ್ಚಾಗಿ ಕೇಳುವುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಎರಡೂ ಕಡೆಯ ಸದ್ದು 0.1 ಡೆಸಿಬಲ್ ಒಳಗೆ, ಅಂದರೆ ವೋಲ್ಟಿನಲ್ಲಿ ನೂರಕ್ಕೆ ಒಂದರಷ್ಟರೊಳಗೆ ಹೊಂದಬೇಕು.

ವಾಲ್ಯೂಮ್ ಗುಂಡಿಯಿಂದ ಇದು ಆಗದ ಮಾತು. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಹದಿನೈದರ ಸುಮಾರು ಮೆಟ್ಟಿಲುಗಳಿದ್ದು, ಒಂದೊಂದು ಮೆಟ್ಟಿಲೂ ಹಲವು ಡೆಸಿಬಲ್ ಎತ್ತರ. ಸಾಲದ್ದಕ್ಕೆ ಜ್ಯಾಕಿಗೊಂದು, ಯುಎಸ್‌ಬಿಗೊಂದು ವಾಲ್ಯೂಮನ್ನು ಫೋನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. 'ನಾನು ವಾಲ್ಯೂಮ್ ಮುಟ್ಟಲೇ ಇಲ್ಲ' ಎಂದು ಆಣೆ ಇಡುವವರು ಸುಳ್ಳು ಹೇಳುತ್ತಿಲ್ಲ, ಫೋನೇ ಮುಟ್ಟಿರುತ್ತದೆ. ಇಯರ್‌ಫೋನನ್ನು ಇನ್ನೊಂದು ಫೋನಿನ ಮೈಕಿಗೆ ಒತ್ತಿ ಆ್ಯಪಿನಲ್ಲಿ ಡೆಸಿಬಲ್ ಓದುವ ಒಳದಾರಿಯೊಂದಿದೆ. ಕೈ ಕೂದಲೆಳೆಯಷ್ಟು ಅಲುಗಿದರೂ ಅಂಕಿ ಕುಣಿಯುತ್ತದೆ. ಬಿಟ್ಟುಬಿಡಿ.

ಬೇಕಾದದ್ದು ಮಲ್ಟಿಮೀಟರ್. ಪರ್ಯಾಯ ವಿದ್ಯುತ್ತನ್ನು (ಎಸಿ) 200 ಮಿಲಿವೋಲ್ಟ್ ಶ್ರೇಣಿಯಲ್ಲಿ ಓದುವಂಥದ್ದೇ ಆಗಬೇಕು. ಅಗ್ಗದ ಎಷ್ಟೋ ಮೀಟರುಗಳಲ್ಲಿ ಪರ್ಯಾಯ ವಿದ್ಯುತ್ತಿನ ಅತಿ ಸಣ್ಣ ಶ್ರೇಣಿಯೇ 200 ವೋಲ್ಟ್. ಅದರಲ್ಲಿ ಇದನ್ನು ಅಳೆಯುವುದು ಮರ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ.

ಜೊತೆಗೆ ಒಂದನ್ನು ಎರಡಾಗಿಸುವ 3.5 ಮಿಲಿಮೀಟರ್ ಕವಲು ತಂತಿ ತನ್ನಿ. ಒಂದು ಕವಲಿಗೆ ಇಯರ್‌ಫೋನ್, ಇನ್ನೊಂದಕ್ಕೆ ಎರಡೂ ತುದಿಯಲ್ಲಿ ಪಿನ್ ಇರುವ ಹಳೆಯ ಆಡಿಯೊ ತಂತಿ. ಇಯರ್‌ಫೋನ್ ಇಲ್ಲದೆ ಅಳೆಯಬೇಡಿ. ಹೊರೆ ಬಿದ್ದಾಗ ವೋಲ್ಟ್ ಇಳಿಯುವುದೇ ಒಳತಡೆಯ ಗುಣ, ಅದೂ ಲೆಕ್ಕಕ್ಕೆ ಬರಬೇಕು. ಆಡಿಯೊ ತಂತಿಯ ಇನ್ನೊಂದು ಪಿನ್ನಿನ ತುದಿ ಎಡಕಿವಿ, ನಡುವಿನ ಉಂಗುರ ಬಲಕಿವಿ, ಬುಡ ಭೂಮಿ (ಗ್ರೌಂಡ್). ಮೀಟರಿನ ಒಂದು ಕಡ್ಡಿಯನ್ನು ತುದಿಗೆ, ಇನ್ನೊಂದನ್ನು ಬುಡಕ್ಕೆ ಹಿಡಿಯಿರಿ. ಕಡ್ಡಿ ಜಾರಿ ಎರಡನ್ನು ಒಟ್ಟಿಗೆ ಮುಟ್ಟಿದರೆ ಶಾರ್ಟ್ ಆಗುತ್ತದೆ, ಹಾಗಾಗಿ ಮೊಸಳೆ ಕ್ಲಿಪ್ ಬಳಸುವುದು ಕ್ಷೇಮ.

ಈಗ 200 ಹರ್ಟ್ಸ್ ಸೈನ್ ತರಂಗದ, ಅಂದರೆ ಏರಿಳಿತವಿಲ್ಲದ ಒಂದೇ ಸ್ವರದ, ಒಂದು ಫೈಲ್ ಬೇಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಹುಟ್ಟಿಸಿ ವೇವ್ ಫೈಲಾಗಿ ಉಳಿಸಿಕೊಳ್ಳಬಹುದು. 1000 ಹರ್ಟ್ಸ್ ಏಕಲ್ಲ ಎಂದರೆ, ಸಾಧಾರಣ ಮೀಟರುಗಳು ಮನೆಯ ವಿದ್ಯುತ್ತಿನಂಥ ಕೆಳ ಆವರ್ತನಗಳಿಗೆ ಮಾಡಿದಂಥವು, ಕೆಲವು ನೂರು ಹರ್ಟ್ಸ್ ದಾಟಿದರೆ ಅವುಗಳ ಮಾತು ನಂಬುವಂತಿಲ್ಲ. ತರಂಗ ನುಡಿಯುವಾಗ ಇಯರ್‌ಫೋನ್ ಕಿವಿಯಲ್ಲಿರಬಾರದು, ಮೇಜಿನ ಮೇಲಿರಲಿ.

ಫೋನಿನ ಜ್ಯಾಕಿನಲ್ಲಿ, ನೀವು ಎಂದಿನಂತೆ ಹಾಡು ಕೇಳುವ ವಾಲ್ಯೂಮಿನಲ್ಲಿ 60 ಮಿಲಿವೋಲ್ಟ್ ಬಂತೆನ್ನಿ. ಡ್ಯಾಕಿನಲ್ಲಿ ಅದಕ್ಕಿಂತ ಮೇಲಿನ ಹತ್ತಿರದ ಮೆಟ್ಟಿಲಲ್ಲಿ 85 ಬಂತು. 85ನ್ನು 60ರಿಂದ ಭಾಗಿಸಿ, ಲಾಗ್ ತೆಗೆದು, 20ರಿಂದ ಗುಣಿಸಿದರೆ ಮೂರು ಡೆಸಿಬಲ್. ನನ್ನನ್ನು ಎರಡು ವಾರ ಕುಣಿಸಿದ ಅಂತರ ಇಷ್ಟೇ.

ಇದನ್ನು ತಗ್ಗಿಸಲು ಪ್ಲೇಯರಿನ ಯಾವ ಗುಂಡಿಯನ್ನೂ ತಿರುಗಿಸಬೇಡಿ, ಪ್ರತಿ ಸಲ ಮರೆಯುತ್ತೀರಿ. ಹಾಡಿನದೇ ಎರಡು ಪ್ರತಿ ಮಾಡಿ. ಒಂದು ಇದ್ದ ಹಾಗೆಯೇ ಇರಲಿ, ಜ್ಯಾಕಿಗೆ. ಇನ್ನೊಂದನ್ನು ಆಡಾಸಿಟಿಯಲ್ಲಿ ಮೂರು ಡೆಸಿಬಲ್ ಇಳಿಸಿ ಉಳಿಸಿ, ಡ್ಯಾಕಿಗೆ. ಯಾವಾಗಲೂ ಜೋರಿನದನ್ನೇ ಇಳಿಸಬೇಕು. ಮೆಲ್ಲಗಿನದನ್ನು ಏರಿಸಲು ಹೋದರೆ ಅಬ್ಬರದ ಜಾಗಗಳಲ್ಲಿ ತರಂಗದ ನೆತ್ತಿ ಕತ್ತರಿಸಿ ಒಡಕು ಬರುತ್ತದೆ. ಎರಡನ್ನೂ ದನಿಯ ವಿವರ ಕಳೆಯದ ವೇವ್ ಅಥವಾ ಫ್ಲಾಕ್ ಫೈಲಾಗಿಯೇ ಉಳಿಸಿ. ಸೈನ್ ತರಂಗವನ್ನೂ ಅಷ್ಟೇ ಇಳಿಸಿ ಡ್ಯಾಕಿನಲ್ಲಿ ಮತ್ತೆ ಅಳೆಯಿರಿ. 59.4ರಿಂದ 60.6ರ ನಡುವೆ ಬಂದರೆ ಕೆಲಸ ಮುಗಿಯಿತು. ಬರದಿದ್ದರೆ ಡೆಸಿಬಲನ್ನು ಒಂದಿಷ್ಟು ತಿದ್ದಿ ಇನ್ನೊಮ್ಮೆ ಅಳೆಯಿರಿ. ಬೇಸರದ ಕೆಲಸ, ಒಪ್ಪಿದೆ. ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಇದನ್ನು ಹಾರಿಸಿ ಮುಂದಿನ ಹೆಜ್ಜೆ ಮಾಡುವುದಾದರೆ ಆ ಹೊತ್ತಿನಲ್ಲಿ ಸುಮ್ಮನೆ ಹಾಡು ಕೇಳುವುದು ಲೇಸು.

ಹೆಜ್ಜೆ ಐದು: ಗೊತ್ತಿಲ್ಲದಂತೆ ಕೇಳುವುದು

ಮನೆಯವರನ್ನೋ ಗೆಳೆಯರನ್ನೋ ಕೂರಿಸಿಕೊಳ್ಳಿ. ನೀವು ಬೆನ್ನು ಹಾಕಿ ಕುಳಿತಿರಿ. ಅವರು ನಾಣ್ಯ ಚಿಮ್ಮಿ, ಮೇಲ್ಮುಖ ಬಿದ್ದರೆ ಜ್ಯಾಕ್, ಕೆಳಮುಖ ಬಿದ್ದರೆ ಡ್ಯಾಕ್ ಎಂದು ಸಿಕ್ಕಿಸಿ, ಆಯಾ ಕಡೆಗೆಂದು ಮಾಡಿದ ಪ್ರತಿಯನ್ನೇ ನುಡಿಸಲಿ. ಹಿಂದಿನದೇ ಮತ್ತೆ ಬಂದರೂ ಕಿತ್ತು ಸಿಕ್ಕಿಸಬೇಕು, ಇಲ್ಲದಿದ್ದರೆ ತಡವಾಗದ್ದನ್ನು ನೋಡಿಯೇ ನೀವು ಊಹಿಸುತ್ತೀರಿ. ಹಾಡಿನ ಹತ್ತು ಸೆಕೆಂಡಿನ ಒಂದೇ ತುಣುಕು ಸಾಕು. ಸದ್ದಿನ ನವಿರು ನೆನಪು ಬಹಳ ಹೊತ್ತು ನಿಲ್ಲುವುದಿಲ್ಲ. ಒಂಟಿ ದನಿಯ ಜೊತೆ ಒಂದೋ ಎರಡೋ ವಾದ್ಯವಿರುವ ಹಾಡು ನನ್ನ ಆಯ್ಕೆ. ನೂರು ವಾದ್ಯಗಳ ಗದ್ದಲದಲ್ಲಿ ಏನು ಬೇಕಾದರೂ ಕೇಳಿದಂತೆ ಅನಿಸುತ್ತದೆ.

ಹದಿನಾರು ಸಲ ಮಾಡಿ, ಪ್ರತಿ ಸಲದ ಉತ್ತರವನ್ನು ಬರೆದಿಡಿ. ಹನ್ನೆರಡು ಸರಿಯಾದರೆ ನಿಮಗೆ ವ್ಯತ್ಯಾಸ ಕೇಳುತ್ತಿದೆ ಎನ್ನಬಹುದು. ಬರೀ ಅದೃಷ್ಟದಿಂದ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಎಂಟೊಂಬತ್ತು ಬಂದರೆ ನಾಣ್ಯವನ್ನೇ ಕೇಳಿದಂತಾಯಿತು.

ನನಗೊಮ್ಮೆ ಹದಿನಾರಕ್ಕೆ ಹದಿನಾರೂ ಸರಿ ಬಂದವು. ಎದೆ ಉಬ್ಬಿತು. ಆಮೇಲೆ ನೋಡಿದರೆ ಡ್ಯಾಕ್ ಎಚ್ಚರಗೊಳ್ಳುವಾಗ 'ಟಿಕ್' ಎಂದು ಸಣ್ಣ ಸದ್ದು ಮಾಡುತ್ತಿತ್ತು, ನಾನು ಅದನ್ನೇ ಹಿಡಿದುಕೊಂಡಿದ್ದೆ. ಹಾಗಾಗಿ ಸಿಕ್ಕಿಸುವಾಗ ಇಯರ್‌ಫೋನನ್ನು ಕಿವಿಯಿಂದ ತೆಗೆದಿಟ್ಟು, ಆಮೇಲೆ ಪ್ರತಿ ಸಲವೂ ಒಂದೇ ರೀತಿ ಒತ್ತಿ ಕೂರಿಸಿಕೊಳ್ಳಿ.

ಹೆಜ್ಜೆ ಆರು: ಕೊಳ್ಳಲೇಬೇಕೆಂದಿದ್ದರೆ

ಜ್ಯಾಕ್ ಇಲ್ಲದ ಫೋನಿದ್ದರೆ ಹೇಗೂ ಒಂದು ಬೇಕು. ಒಳತಡೆ ಒಂದೆರಡು ಓಮ್ ಮೀರದ, ಒಂದು ವೋಲ್ಟ್ ಕೊಡುವ ಸಾದಾ ಡ್ಯಾಕ್ ಇಯರ್‌ಫೋನಿಗೆ ಧಾರಾಳವಾಯಿತು. '32 ಬಿಟ್, 384 ಕಿಲೋಹರ್ಟ್ಸ್' ಎಂಬ ಬಂಗಾರದ ಅಕ್ಷರಗಳಿಗೆ ಮರುಳಾಗಬೇಡಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲೇ (ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿಡುವ ಲೆಕ್ಕ) 22 ಕಿಲೋಹರ್ಟ್ಸ್ ತನಕದ ದನಿ ಹಿಡಿಸುತ್ತದೆ. ಎಳೆಯರ ಕಿವಿಯೂ ಸಾಮಾನ್ಯವಾಗಿ 20ರ ಆಚೆ ಕೇಳುವುದಿಲ್ಲ. ಎರಡು ಕಿವಿಗೂ ಬೇರೆ ಬೇರೆ ಋಣ ತಂತಿಯಿರುವ 4.4 ಮಿಲಿಮೀಟರ್ 'ಬ್ಯಾಲೆನ್ಸ್ಡ್' ಕಿಂಡಿ ಸಾಮಾನ್ಯವಾಗಿ ಇಮ್ಮಡಿ ವೋಲ್ಟ್ ಕೊಡುತ್ತದೆ, ಇಯರ್‌ಫೋನಿಗೆ ಅದರ ಹಂಗಿಲ್ಲ. ಆ ಕಿಂಡಿಗೆ ಅಗ್ಗದ ಅಡಾಪ್ಟರ್ ಹಾಕಿ ಮಾಮೂಲಿ 3.5ರ ಇಯರ್‌ಫೋನ್ ಸಿಕ್ಕಿಸುವವರನ್ನು ಕಂಡಿದ್ದೇನೆ. ಎರಡೂ ಕಿವಿಗಳ ಋಣ ತಂತಿಗಳು ಒಂದಕ್ಕೊಂದು ಕೂಡಿಕೊಂಡು ಆಂಪ್ಲಿಫೈಯರ್ ಸುಡಬಹುದು. ಇದನ್ನು ಮಾತ್ರ ಮಾಡಲೇಬೇಡಿ.

ಸದ್ದು ತೆಳುವಾಗಿದೆ, ಬಾಸ್ ಇಲ್ಲ ಎಂಬುದು ನಿಮ್ಮ ದೂರಾಗಿದ್ದರೆ ಡ್ಯಾಕಿಗೂ ಮುಂಚೆ ಇಯರ್‌ಫೋನಿನ ತುದಿಯ ರಬ್ಬರ್ ಬದಲಿಸಿ. ಡಬ್ಬಿಯಲ್ಲಿ ಮೂರು ಅಳತೆಯವು ಬಂದಿರುತ್ತವೆ, ಹೆಚ್ಚಿನವರು ನಡುವಿನದನ್ನು ಬಿಟ್ಟು ಬೇರೆಯದನ್ನು ಮುಟ್ಟಿಯೂ ನೋಡಿರುವುದಿಲ್ಲ. ಕಿವಿಗೂ ರಬ್ಬರಿಗೂ ನಡುವೆ ಗಾಳಿ ಸೋರಿದರೆ ಕೆಳದನಿಗಳು ಸೋರಿ ಹೋಗುತ್ತವೆ. ಎರಡು ಕಿವಿಗೆ ಎರಡು ಅಳತೆ ಬೇಕಾದರೂ ನಾಚಿಕೆಯಿಲ್ಲ, ನನ್ನದು ಹಾಗೆಯೇ. ಅದಾದ ಮೇಲೂ ಅತೃಪ್ತಿಯಿದ್ದರೆ ಮೂರನೇ ಹೆಜ್ಜೆಯಲ್ಲಿ ಆಫ್ ಮಾಡಿದ ಈಕ್ವಲೈಸರನ್ನು ಮತ್ತೆ ಹೊತ್ತಿಸಿ.

ಡ್ಯಾಕ್ ಫೋನಿನ ಬ್ಯಾಟರಿಯನ್ನು ತಿನ್ನುತ್ತದೆ, ಹಾಡು ಮುಗಿದ ಮೇಲೆ ಕಿತ್ತಿಡಿ. ನಾನು ಎರಡು ವಾರ ಹೊಗಳಿದ ಡ್ಯಾಕ್ ಈಗ ಲ್ಯಾಪ್‌ಟಾಪಿನ ಬದಿಯಲ್ಲಿ ಕಾಯಂ ಆಗಿದೆ. ಮೌಸ್ ಸರಿಸಿದಾಗಲೆಲ್ಲ ಕೇಳುತ್ತಿದ್ದ 'ಕಿರ್' ನಿಂತಿದೆ.