ಮೀನುಮರಿಗೆ ಲೈಸಿನ್ ಪುಡಿ: ಮೊದಲು ಹಿಂಡಿ ಸರಿಮಾಡಿಕೊಳ್ಳಿ

ನಮ್ಮ ಹೊಸನಗರದ ಕಡೆ ಕಾಟ್ಲಾ, ರೋಹು ಮರಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಅರ್ಧಕ್ಕರ್ಧ ಕಲಸಿ ಎರಚುವುದು ರೂಢಿ. ಬಯಲುಸೀಮೆಯಲ್ಲಾದರೆ ಇಷ್ಟಕ್ಕೇ ನಡೆದೀತು. ಬಿಸಿಲಿಗೆ ನೀರು ಹಸಿರಾಗುತ್ತದೆ, ಹಿಂಡಿಯಲ್ಲಿ ಇಲ್ಲದ್ದನ್ನು ಮರಿ ಪ್ಲಾಂಕ್ಟನ್‌ನಿಂದ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಪಡೆದುಕೊಳ್ಳುತ್ತದೆ. ನಮ್ಮಲ್ಲಿ ಮರಿ ಬಿಡುವ ಹೊತ್ತಿಗೆ ಆಷಾಢದ ಮಳೆ. ಸೂರ್ಯನ ಮುಖ ಕಾಣುವುದಿಲ್ಲ, ಹೊಂಡ ತುಂಬಿ ಹೊರಗೆ ಹರಿಯುತ್ತಿರುತ್ತದೆ. ನಾವು ಹಾಕುವ ಆಹಾರದಲ್ಲೇ ಎಲ್ಲ ಇರಬೇಕು.

ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ ಜಾಸ್ತಿ, ಆದರೆ ಲೈಸಿನ್, ಮೆಥಿಯೋನಿನ್ ಎರಡೂ ಕಡಿಮೆ. ಇವು ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳು, ಆಹಾರದಿಂದಲೇ ಸಿಗಬೇಕು. ಕಾಟ್ಲಾ, ರೋಹು ಸೇರಿದ ಗೆಂಡೆ ಜಾತಿಯ ಮೀನಿಗೆ 100 ಗ್ರಾಂ ಪ್ರೋಟೀನ್‌ನಲ್ಲಿ ಹೆಚ್ಚುಕಡಿಮೆ 5.7 ಗ್ರಾಂ ಲೈಸಿನ್ ಬೇಕು. ಈ ಹಿಂಡಿಯಲ್ಲಿ ಮೂರೂವರೆ ಸಿಕ್ಕರೆ ಹೆಚ್ಚು. ಒಂದು ಕೊರತೆಯಾದರೂ ಉಳಿದ ಪ್ರೋಟೀನ್ ಪೂರ್ತಿ ಮೈಗೆ ಹತ್ತುವುದಿಲ್ಲ, ಹೆಚ್ಚಾದದ್ದು ಅಮೋನಿಯಾ ಆಗಿ ನೀರು ಕೆಡಿಸುತ್ತದೆ.

ಹಾಗಂತ ಸೀದಾ ಲೈಸಿನ್ ಪುಡಿ ಸುರಿಯಬೇಡಿ. ಮೊದಲು ಹಿಂಡಿ ಬೆರಕೆ ಮಾಡಿ. ನಾನು 10 ಕೆಜಿಗೆ ಹಾಕುವುದು: ಕಡಲೆಕಾಯಿ ಹಿಂಡಿ 4 ಕೆಜಿ, ಸೋಯಾ ಹಿಂಡಿ 2, ತೌಡು ಎರಡೂವರೆ, ಒಣಮೀನಿನ ಪುಡಿ 1, ಮೈದಾ 400 ಗ್ರಾಂ, ಖನಿಜ ಮಿಶ್ರಣ 100 ಗ್ರಾಂ. ಇದರಲ್ಲಿ ಪ್ರೋಟೀನ್ ಸುಮಾರು ಶೇ. 35 ಬರುತ್ತದೆ. ಆಮೇಲೆ ಉಳಿಯುವ ಕೊರತೆ ಸಣ್ಣದು. 40 ಗ್ರಾಂ ಲೈಸಿನ್, 15 ಗ್ರಾಂ ಮೆಥಿಯೋನಿನ್ ಸಾಕು. ಕೋಳಿ ಆಹಾರ ಮಾರುವವರಲ್ಲಿ ಎರಡೂ ಸಿಗುತ್ತವೆ.

ನಿಜವಾದ ತಲೆನೋವು ಕಲಸುವುದರಲ್ಲಿದೆ. ಲೈಸಿನ್ ಪುಡಿ ನೀರು ಕಂಡರೆ ಕರಗುತ್ತದೆ. ಒಣ ಹಿಂಡಿಗೆ ಬೆರೆಸಿ ಎರಚಿದರೆ ದುಡ್ಡು ಹೊಂಡಕ್ಕೆ! ಎರಡೂ ಪುಡಿಯನ್ನು ಮೊದಲು ಒಂದು ಹಿಡಿ ತೌಡಿಗೆ, ಅದನ್ನು ಒಂದು ಕೆಜಿಗೆ, ಆಮೇಲೆ ಪೂರ್ತಿ ರಾಶಿಗೆ ಬೆರೆಸಿ. ಮೈದಾ ಗಂಜಿ ಕಾಸಿ, ಕೈ ತಾಳುವಷ್ಟು ಆರಿದ ಮೇಲೆ ಸೇರಿಸಿ. ಜೋರು ಬಿಸಿಗೆ ಲೈಸಿನ್ ಕೆಡುತ್ತದೆ. ಗಟ್ಟಿಯಾಗಿ ನಾದಿ, ಶ್ಯಾವಿಗೆ ಒರಳಲ್ಲಿ ಒತ್ತಿ. ಮಳೆಗಾಲದಲ್ಲಿ ಒಣಗಿಸುವುದೆಲ್ಲಿ ಅಂತೀರಾ? ಅಡಿಕೆ ಡ್ರೈಯರ್ ಆಗ ಸುಮ್ನೆ ಬಿದ್ದಿರುತ್ತದೆ ಅಲ್ವಾ, ಸಣ್ಣ ಬೆಂಕಿ ಸಾಕು. ಒಣಗಿದ್ದನ್ನು ಮರಿಯ ಬಾಯಿಗೆ ಹಿಡಿಸುವಷ್ಟು ಪುಡಿಮಾಡಿ ಜರಡಿ ಹಿಡಿಯಿರಿ. ವಾರಕ್ಕೆ ಬೇಕಾದಷ್ಟೇ ಮಾಡಿ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಅದನ್ನು ತಿಪ್ಪೆಗೆ ಹಾಕಿ.

ಒಂದಿಂಚಿಗಿಂತ ಚಿಕ್ಕ ಮರಿಗೆ ಇದೆಲ್ಲ ಬೇಡ. ಅಷ್ಟು ನುಣ್ಣಗಿನ ಆಹಾರದಲ್ಲಿ ಪುಡಿ ನಿಲ್ಲುವುದೇ ಇಲ್ಲ. ಆಗ ಸುಣ್ಣ, ಸಗಣಿ ಹಾಕಿ, ಆದಷ್ಟು ಪ್ಲಾಂಕ್ಟನ್ ಬರುವ ಹಾಗೆ ನೀರು ಹದ ಮಾಡಿ.

ಗೆಂಡೆ ಮೀನಿಗೆ ಜಠರ ಇಲ್ಲ, ತಿಂದದ್ದು ಸೀದಾ ಕರುಳಿಗೆ. ಪುಡಿಯ ಲೈಸಿನ್ ಹಿಂಡಿಯ ಪ್ರೋಟೀನ್ ಕರಗುವ ಮೊದಲೇ ರಕ್ತ ಸೇರುತ್ತದೆ. ಹೊತ್ತು ಹೊಂದಲಿಲ್ಲ ಅಂದರೆ ಹಾಕಿದ್ದು ವ್ಯರ್ಥ. ಅದಕ್ಕೆ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ, ತಟ್ಟೆಯಲ್ಲಿಟ್ಟು ಇಳಿಬಿಡಿ. ಅರ್ಧ ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ಮುಂದಿನ ಸಲಕ್ಕೆ ಕಡಿಮೆ ಮಾಡಿ.

ಕಂಪನಿಯ ಮೀನು ಆಹಾರದ ಮೂಟೆ ತರುವವರು ಚೀಟಿ ಓದಿ. ಲೈಸಿನ್, ಮೆಥಿಯೋನಿನ್ ಸೇರಿಸಿದ್ದೇವೆ ಅಂತಿದ್ದರೆ ಮೇಲಿಂದ ಮತ್ತೆ ಹಾಕಬೇಡಿ.