ಒಂದೇ ಊರಿನಲ್ಲಿ ಬಿಡಾರ ಹೂಡಿ ನೋಡಿದ ಸ್ವಿಟ್ಜರ್ಲೆಂಡ್

ನಿವೃತ್ತರಾದ ಮೇಲೆ ಯುರೋಪ್ ನೋಡಬೇಕೆಂದು ವಿಚಾರಿಸಲು ಹೋದರೆ ಎಲ್ಲರೂ ಮುಂದಿಡುವುದು ಒಂದೇ ಬಗೆಯ ಪ್ರವಾಸ: ಕೆಲವೇ ದಿನಗಳಲ್ಲಿ ಆರೇಳು ದೇಶ, ರಾತ್ರಿಗೊಂದು ಹೋಟೆಲ್, ಬೆಳಗಾಗುವ ಮೊದಲೇ ಪೆಟ್ಟಿಗೆ ಕಟ್ಟುವ ಗಡಿಬಿಡಿ. ನಮಗೆ ಅದು ಬೇಡವಾಗಿತ್ತು. ಸ್ವಿಟ್ಜರ್ಲೆಂಡಿನ ಥೂನ್ ಸರೋವರದ ದಡದಲ್ಲಿರುವ ಸ್ಪೀಟ್ಸ್ ಎಂಬ ಪುಟ್ಟ ಊರಿನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು ಸೆಪ್ಟೆಂಬರ್ ತಿಂಗಳನ್ನು ಅಲ್ಲಿಯೇ ಕಳೆದೆವು. ರೈಲಿನಲ್ಲಿ ಬರ್ನ್ ಅರ್ಧ ಗಂಟೆ, ಇಂಟರ್‌ಲಾಕೆನ್ ಇಪ್ಪತ್ತು ನಿಮಿಷ. ಎಲ್ಲಿಗೆ ಹೋದರೂ ಸಂಜೆ ನಮ್ಮದೇ ಅನ್ನ, ನಮ್ಮದೇ ಹಾಸಿಗೆ. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ ಎಂದೇ ನನ್ನ ನಂಬಿಕೆ.

ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇಲ್ಲಿ ಅಗ್ಗದ ಪಾಲಿಸಿಗೆ ಮನಸೋಲಬಾರದು. ನಮ್ಮ ಯಜಮಾನರಿಗೆ ರಕ್ತದೊತ್ತಡವಿದೆ; ಅದನ್ನು ಅರ್ಜಿಯಲ್ಲಿ ಬರೆದು, ಮೊದಲೇ ಇರುವ ಕಾಯಿಲೆಗೂ ಅನ್ವಯಿಸುತ್ತದೆಯೇ ಎಂದು ಷರತ್ತುಗಳನ್ನು ಸಾಲುಸಾಲಾಗಿ ಓದಿಯೇ ಹಣ ಕಟ್ಟಿದೆವು. ಮಾತ್ರೆಗಳನ್ನು ಬಿಡಿಸದೆ ಅಂಗಡಿಯಿಂದ ತಂದ ಸ್ಟ್ರಿಪ್‌ನಲ್ಲೇ ಇಟ್ಟುಕೊಂಡು, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಒಯ್ದೆವು.

ಭಾರತದಿಂದ ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ, ಹಸಿ ಕರಿಬೇವಿಗೂ ಸಸ್ಯ ತಪಾಸಣೆಯ ಪ್ರಮಾಣಪತ್ರ ಬೇಕು. ಹಾಗಾಗಿ ತುಪ್ಪವನ್ನು ಮನೆಯಲ್ಲೇ ಬಿಟ್ಟು ಸಾರಿನ ಪುಡಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ ಕಟ್ಟಿಕೊಂಡೆ. ಅಲ್ಲಿನ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸಿದರೆ ಮರಳು ಮರಳಾದ, ಹೊಂಬಣ್ಣದ ತುಪ್ಪ! ವಿದ್ಯುತ್ ಒಲೆ ಆರಿಸಿದ ಮೇಲೂ ಬಹಳ ಹೊತ್ತು ಕಾವು ಹಿಡಿದಿರುತ್ತದೆ. ಬೆಣ್ಣೆಯ ಚಟಪಟ ಸದ್ದು ಇಳಿಯುತ್ತಿದ್ದಂತೆ ಪಾತ್ರೆಯನ್ನು ಪಕ್ಕಕ್ಕೆ ಎತ್ತಿಡಬೇಕು, ತಳದ ಗಸಿ ಕಂದು ತಿರುಗುವಷ್ಟಕ್ಕೆ ಪಾತ್ರೆಯ ಬಿಸಿಯೇ ಸಾಕು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಹಾಲು, ಮೊಸರು, ತರಕಾರಿ ತಂದಿಡುತ್ತಿದ್ದೆವು.

ಪ್ರವಾಸಿಗರಿಗೆ ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ಸಿಗುತ್ತದೆ. ರೈಲು, ಬಸ್, ದೋಣಿಗಳಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಅರ್ಧ ದರ. ಎಲ್ಲರೂ ಹೋಗುವ, ಹಿಮಪರ್ವತದ ಮೇಲಿನ ಯೂಂಗ್‌ಫ್ರೌಯೊಕ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ವೈದ್ಯರೊಂದಿಗೆ ಮಾತಾಡಿ ಅದನ್ನು ಕೈಬಿಟ್ಟೆವು. ಬದಲಿಗೆ ಕಾಂಡರ್‌ಸ್ಟೆಗ್‌ಗೆ ಹೋಗಿ, ತಂತಿಯ ಮೇಲೆ ಸಾಗುವ ತೊಟ್ಟಿಲು ಗಾಡಿ (ಕೇಬಲ್ ಕಾರ್) ಹತ್ತಿ ಓಶಿನೆನ್ ಸರೋವರಕ್ಕೆ ನಡೆದೆವು. ಎತ್ತರ 1,578 ಮೀಟರ್, ಮೂರು ಕಡೆಯೂ ಕಡಿದಾದ ಬಂಡೆಗೋಡೆ, ಅದರಿಂದ ಎಳೆಎಳೆಯಾಗಿ ಇಳಿಯುವ ನೀರು. ಒಂದೇ ಊರಿನಲ್ಲಿ ಇದ್ದುದರಿಂದ ಮಳೆ ಬಂದ ದಿನ ಸುಮ್ಮನೆ ಮನೆಯಲ್ಲಿ ಕುಳಿತು, ಬಿಸಿಲು ಬಿದ್ದ ದಿನ ಮತ್ತೊಮ್ಮೆ ಅಲ್ಲಿಗೇ ಹೋದೆವು.

ಮರಳಿ ಬರುವ ದಿನದ ಯೋಚನೆಯನ್ನು ಹೊರಡುವಾಗಲೇ ಮಾಡಿಟ್ಟಿದ್ದೆವು; ಈ ಬಗ್ಗೆ ಹೇಳುವವರು ಕಡಿಮೆ. ಮೈಸೂರಿನ ಮನೆ ಬೀಗ ಹಾಕುವ ಮುನ್ನ ಗ್ಯಾಸ್ ರೆಗ್ಯುಲೇಟರ್ ತೆಗೆದೆವು, ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟೆವು, ಮೇಲಿನ ತೊಟ್ಟಿಯ ನೀರನ್ನೆಲ್ಲ ಬಿಟ್ಟೆವು. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿದೆವು. ಬಚ್ಚಲಿನ ಜಾಲರಿಯೊಳಗೆ ಒಂದು ಚೊಂಬು ನೀರು ಹೊಯ್ದು ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿದರೆ ಆ ನೀರು ಬೇಗ ಆರುವುದಿಲ್ಲ, ಕೊಳವೆಯ ವಾಸನೆಯೂ ಜಿರಲೆಯೂ ಮನೆಗೆ ಬರುವುದಿಲ್ಲ. ಉಳಿದ ಅಕ್ಕಿ, ಬೇಳೆಗಳನ್ನು ಹುಳು ಬೀಳಲು ಬಿಡದೆ ಮನೆಕೆಲಸದವಳಿಗೆ ಕೊಟ್ಟೆ. ತುಳಸಿಗೆ ನೀರು ಹಾಕುವ ಹೊಣೆ ಪಕ್ಕದ ಮನೆಯ ಶಾರದಕ್ಕನದು, ಕೀಲಿಯೂ ಅವರ ಬಳಿಯೇ.

ನಮ್ಮ ಯಜಮಾನರು ಅಂಚೆ ಇಲಾಖೆಯ ನಿವೃತ್ತರು. ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರ ಕೊಡಬೇಕಾದ್ದರಿಂದ ಅದಕ್ಕೆ ಮೊದಲೇ ಊರು ಸೇರುವಂತೆ ಟಿಕೆಟ್ ತೆಗೆದಿದ್ದೆವು. ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಬಂದ ಹೊಸದರಲ್ಲಿ ರಾತ್ರಿ ನಿದ್ದೆ ಹತ್ತದು, ಬೆಳಿಗ್ಗೆ ಏಳಲಾಗದು. ಹಟ ಹಿಡಿದು ಬೇಗ ಎದ್ದು ಕುಕ್ಕರಹಳ್ಳಿ ಕೆರೆ ಏರಿಯ ಬಿಸಿಲಿನಲ್ಲಿ ನಡೆದೆವು, ಮಧ್ಯಾಹ್ನ ಮಲಗಲಿಲ್ಲ. ನಿದ್ದೆ ತಾನಾಗಿ ಹಳೆಯ ಹೊತ್ತಿಗೆ ಬಂತು.

ಈಗ ಸ್ಪೀಟ್ಸ್‌ನ ಕ್ರಮವನ್ನೇ ಇಲ್ಲಿಯೂ ಇಟ್ಟುಕೊಂಡಿದ್ದೇವೆ. ಶಕ್ತಿ ಯೋಜನೆಯಿಂದ ನನಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಹಿರಿಯ ನಾಗರಿಕರಾದ ಇವರಿಗೆ ಶೇ 25 ರಿಯಾಯಿತಿ. ಕಳೆದ ವಾರ ಮೇಲುಕೋಟೆಗೆ ಹೋಗಿ ಎರಡು ರಾತ್ರಿ ಉಳಿದೆವು. ಮುಂದಿನದು ಸೋಮನಾಥಪುರ. ಶಾರದಕ್ಕ ದಂಪತಿ ಬೇಸಿಗೆಯಲ್ಲಿ ಮಗಳ ಬಳಿ ಹೊರಟಿದ್ದಾರೆ. ಅವರ ಮನೆಯ ಕೀಲಿ ಇರಿಸಿಕೊಳ್ಳುವ ಸರದಿ ಈಗ ನಮ್ಮದು.