ಪ್ರೆಶರ್ ಪಂಪ್ ಮನೆಯ ಗೀಸರ್‌ಗೆ ಸೇಫ್ಟಿ ವಾಲ್ವ್: ನನ್ನ ಅನುಭವ

ಪ್ರೆಶರ್ ಮಿತಿ ಮೀರಿದರೆ ತೆರೆದು ನೀರು ಹೊರಬಿಡುವ ಈ ಗೀಸರ್ ವಾಲ್ವ್ ಸೋರಿದರೆ ಪ್ಲಂಬರ್‌ಗಳದ್ದು ಎರಡೇ ಸಲಹೆ. ಜಾಸ್ತಿ ಬಾರ್‌ನದ್ದು (ಬಾರ್ ಅಂದರೆ ಪ್ರೆಶರ್‌ನ ಅಳತೆ) ಹಾಕಿ, ಇಲ್ಲ ಡಮ್ಮಿ (ತೂತಿಲ್ಲದ ಬಿರಡೆ) ಬಿಗಿದು ಮುಚ್ಚಿಬಿಡಿ. ನಾನು 8ರ ಬದಲು 6 ಬಾರ್ ವಾಲ್ವ್ ಹಾಕುತ್ತೇನೆ ಅಂದಾಗ ಎಲ್ಲರೂ ನಕ್ಕರು. ಹಾಕಿ ವರ್ಷದ ಮೇಲಾಯಿತು, ಒಂದು ಹನಿ ಬಿದ್ದಿಲ್ಲ. ನಕ್ಕವರಲ್ಲಿ ಒಬ್ಬರು ಮೊನ್ನೆ ಬಂದು ಫೋಟೊ ಹೊಡೆದುಕೊಂಡು ಹೋದರು.

ನಮ್ಮದು 25 ಲೀಟರ್ ಗೀಸರ್, ಟ್ಯಾಂಕ್ ತಡೆಯುವ ಮಿತಿ 8 ಬಾರ್. ಪಂಪ್ 3 ಬಾರ್ ಹತ್ತಿರ ಆಫ್ ಆಗುತ್ತದೆ. ಆದರೂ ದಿನಾ ಬೆಳಿಗ್ಗೆ ಸೋರಿಕೆ. ಜೊತೆಗೆ ಬಂದ ವಾಲ್ವ್ ತೆಗೆದು 400 ರೂಪಾಯಿಯದು ಹಾಕಿದೆ, ಅದೂ ಸೋರಿತು. ಆಮೇಲೆ 900ರ ಸುಮಾರಿನದು. ಅದಂತೂ ಕೆಲವೇ ವಾರಕ್ಕೆ ಪೂರ್ತಿ ಮುಚ್ಚಿಕೊಳ್ಳುವುದನ್ನೇ ಬಿಟ್ಟಿತು. ಬಿಚ್ಚಿದರೆ ಸೀಟಿನ (ವಾಲ್ವಿನ ಮುಚ್ಚಳ ಕೂರುವ ಜಾಗ) ಮೇಲೆ ಬೋರ್ ನೀರಿನ ಬಿಳಿ ಸುಣ್ಣ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ, ರಬ್ಬರಿನ ಮೇಲೆ ಉಂಗುರದ ಹಾಗೆ ಗೆರೆ. ರಾತ್ರಿಯಿಡೀ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ನೆನೆಹಾಕಿ ನೋಡಿದೆ. ಸುಣ್ಣ ಹೋಯಿತು, ಗೆರೆ ಹೋಗಲಿಲ್ಲ.

ಕೆಳಗೆ ಚೊಂಬು ಇಟ್ಟು ಹಿಡಿದಾಗ ವಿಷಯ ಸಿಕ್ಕಿತು. ಒಂದು ಸಲ ಕಾಯುವಷ್ಟರಲ್ಲಿ ಅರ್ಧ ಲೀಟರ್ ಹತ್ತಿರ ನೀರು. 25 ಲೀಟರ್ ನೀರು 70 ಡಿಗ್ರಿಗೆ ಕಾದರೆ ಹಿಗ್ಗುವುದೂ ಅಷ್ಟೇ. ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್) ಅದನ್ನು ವಾಪಸ್ ಬಿಡುವುದಿಲ್ಲ, ಇನ್ನೆಲ್ಲಿ ಹೋಗಬೇಕು ಹೇಳಿ? ಪಾಪ, ವಾಲ್ವ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಅದಕ್ಕೇ ಎನ್‌ಆರ್‌ವಿಗೂ ಗೀಸರ್‌ಗೂ ನಡುವೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಕೊಟ್ಟು 2 ಲೀಟರ್ ಎಕ್ಸ್‌ಪಾನ್ಶನ್ ಟ್ಯಾಂಕ್ (ಒಳಗಿನ ಗಾಳಿ ಕುಗ್ಗಿ ಹಿಗ್ಗಿದ ನೀರಿಗೆ ಜಾಗ ಕೊಡುವ ಡಬ್ಬಿ) ಕೂರಿಸಿದೆ, ಬೆಲೆ 1,800 ಇರಬೇಕು. ಲೈನಿನ ನೀರು ಪೂರ್ತಿ ಇಳಿಸಿ, ಸೈಕಲ್ ಪಂಪಿನಲ್ಲಿ ಪಂಪ್ ಆಫ್ ಆಗುವ ಪ್ರೆಶರ್‌ನಷ್ಟೇ ಗಾಳಿ ತುಂಬಿದೆ. ನೀರಿದ್ದಾಗ ಗಾಳಿ ಅಳೆದರೆ ಸುಮ್ನೆ ತಪ್ಪು ರೀಡಿಂಗ್. ಈಗ ನೀರು ಪೂರ್ತಿ ಕಾದಾಗಲೂ ಗೇಜ್ ನಾಲ್ಕೂವರೆ ಆಸುಪಾಸಿನಲ್ಲೇ ನಿಲ್ಲುತ್ತದೆ. 6 ಬಾರ್ ಆರಿಸಿದ್ದು ಹೀಗೆ: ದಿನದ ಪ್ರೆಶರ್‌ಗಿಂತ ಚೆನ್ನಾಗಿ ಮೇಲೆ, ಟ್ಯಾಂಕಿನ ಮಿತಿಗಿಂತ ಕೆಳಗೆ. 10 ಬಾರ್ ವಾಲ್ವ್ ಹಾಕಿದರೆ ಅದು ತೆರೆಯುವ ಮೊದಲೇ ಟ್ಯಾಂಕಿನ ಮಿತಿ ದಾಟಿರುತ್ತದೆ.

ಒಟ್ಟು ಖರ್ಚು ಮೂರೂವರೆ ಸಾವಿರದ ಒಳಗೆ. ಸೀಟಿಗೆ ಸುಣ್ಣ ಕೂರದ ಹಾಗೆ ವಾಲ್ವನ್ನು ಹೇಗೆ ತಿರುಗಿಸಿ ಕೂರಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ವಾಲ್ವಿಗೂ ಗೀಸರ್‌ಗೂ ನಡುವೆ ಮಾತ್ರ ಯಾವ ಕಾಕ್ ಕೂಡ ಬೇಡ. ತೀರಾ ಬಿಸಿಯಾದರೆ ಕರಗಿ ನೀರು ಬಿಡುವ ಫ್ಯೂಸಿಬಲ್ ಪ್ಲಗ್, ಕರೆಂಟ್ ಕಡಿಯುವ ಥರ್ಮಲ್ ಕಟೌಟ್ ಮುಟ್ಟಬೇಡಿ. ಲಿವರ್ ಇರುವ ವಾಲ್ವೇ ಕೊಳ್ಳಿ, ತಿಂಗಳಿಗೊಮ್ಮೆ ಎತ್ತಿ ನೋಡಿ. ಎತ್ತುವ ಮೊದಲು ಗೀಸರ್ ಆಫ್ ಮಾಡಿ, ಬರುವುದು ಬಿಸಿನೀರು.